ಅರ್ಧ ಚೀಲ

ಜಗಳೂರಿನ ಮಾರುಕಟ್ಟೆಯಲ್ಲಿ 'ಅರ್ಧ ಚೀಲ' ಎನ್ನುವುದು ಬೈಗುಳ. ಕೆಲಸಕ್ಕೆ ಬಂದು ನಡುವೆಯೇ ಕೈ ಚೆಲ್ಲುವವನು, ಮಾತು ಕೊಟ್ಟು ನುಣುಚಿಕೊಳ್ಳುವವನು, ಮೂಟೆ ಬೆನ್ನ ಮೇಲೆ ಬಿದ್ದೊಡನೆ ಮೊಣಕಾಲು ಮಡಚುವವನು, ಎಲ್ಲರೂ ಅರ್ಧ ಚೀಲ. ಆದರೆ ಆ ಹೆಸರನ್ನು ಖಾಯಮ್ಮಾಗಿ ಹೊತ್ತವನು ಇಡೀ ಮಾರುಕಟ್ಟೆಯಲ್ಲಿ ನಾನೊಬ್ಬನೇ. ಹದಿನಾರನೇ ವಯಸ್ಸಿನಲ್ಲಿ ಹುರುಪಿಗೆ ಬಿದ್ದು ಮೆಕ್ಕೆಜೋಳದ ಮೂಟೆಗೆ ಬೆನ್ನು ಕೊಟ್ಟೆ. ನಾಲ್ಕು ಹೆಜ್ಜೆಗೆ ಮೂಟೆಯ ಸಮೇತ ಮಕಾಡೆ ಬಿದ್ದೆ. ಅಂದು ಆ ಮೂಟೆಯನ್ನು ನನ್ನ ಬೆನ್ನಿಗೇರಿಸಿದ ಹಮಾಲನೇ ಈಗ ಹಮಾಲರ ಮೇಸ್ತ್ರಿ. ಹೆಸರಿಟ್ಟವನೂ ಅವನೇ. ನನ್ನದು ಹಳೇ ಗೋಣಿಚೀಲದ ವ್ಯಾಪಾರವಾದ್ದರಿಂದ ಹೆಸರಿಗೂ ಉದ್ಯೋಗಕ್ಕೂ ಚೆನ್ನಾಗಿ ಹೊಂದಿಕೊಂಡು, ಚೀಲ ಕೊಳ್ಳಲು ನಾನು ಹೋಗುವ ಹೊನ್ನಾಳಿ, ನ್ಯಾಮತಿವರೆಗೂ ಅದು ಹಬ್ಬಿತು. ನಾನು ಮುಂಗೋಪಿ. ಮೊದಮೊದಲು ಜಗಳಕ್ಕೇ ನಿಲ್ಲುತ್ತಿದ್ದೆ. ಆಮೇಲೆ ಸಾಕಾಗಿ, ಯಾರಾದರೂ ಹಾಗೆ ಕೂಗಿದರೆ ಕೈ ಬೀಸಿ ಮುಂದೆ ಹೋಗುವುದನ್ನು ರೂಢಿ ಮಾಡಿಕೊಂಡೆ. ಆ ರೂಢಿಯೇ ಒಂದು ದಿನ ನನ್ನನ್ನು ಪೇಚಿಗೆ ಸಿಕ್ಕಿಸಿತು.

ಆ ದಿನ ಬೆಳಿಗ್ಗೆ ನಾನು ನ್ಯಾಮತಿಯಲ್ಲಿದ್ದೆ. ಮೆಕ್ಕೆಜೋಳದ ಅಂಗಡಿಗಳಿಂದ ಹಳೇ ಚೀಲ ಆರಿಸಿ, ಕಟ್ಟು ಕಟ್ಟಿಸಿ ಮಿನಿ ಲಾರಿಗೆ ಹೇರಿಸುತ್ತಿದ್ದೆ. ವಾರದಿಂದ ಬಿಡದೆ ಸುರಿದ ಮಳೆ ಅಂದು ಬಿಡುವು ಕೊಟ್ಟಿತ್ತು. ಆಗ ಮೇಸ್ತ್ರಿಯ ಫೋನು ಬಂತು.

"ಸಾಬ್ರೇ, ಎಲ್ಲಿದೀರಿ? ಸೊಕ್ಕೆ ಕಡೆ ಒಂದು ಕೆರೆ ಏರಿ ಸೋರಾಕತ್ತೈತಂತೆ. ಚೀಲ ಬೇಕಂತೆ. ತಾಲ್ಲೂಕು ಆಫೀಸ್ನೋರು ನಿಮ್ಮ ಅಂಗಡಿ ಮುಂದೆ ಬಂದು ನಿಂತಾರೆ."

"ನಮ್ಮ ತಾಲ್ಲೂಕಲ್ಲಿ ಕೆರೆ ಸೋರೋದಾ? ಸೋರಾಕೆ ನೀರಾದ್ರೂ ಇರಬೇಕಲ್ಲಣ್ಣ!"

"ತುಂಬೈತ್ರೀ! ಕೋಡಿ ಬೀಳಾಕೆ ಒಂದು ಮೊಳ ಐತಂತೆ. ಏರಿ ಕೆಳಗೆ ಹಟ್ಟಿ ಐತೆ. ಚೀಲ ತಗಂಡು ಸೀದಾ ಬರ್ರಿ."

ತುಂಬಿದೆ ಎಂದು ಅವನು ಹೇಳಿದ ದನಿ ನನ್ನ ಕಿವಿಯಲ್ಲಿ ಇನ್ನೂ ಇದೆ. ಅದರಲ್ಲಿ ಹೆದರಿಕೆಗಿಂತ ಬೆರಗೇ ಹೆಚ್ಚಿತ್ತು.

ಹೊನ್ನಾಳಿಯಲ್ಲಿ ನನ್ನದೇ ವ್ಯಾಪಾರದ ಹಳೇ ದೋಸ್ತನೊಬ್ಬನಿದ್ದಾನೆ. ಹೊಳೆ ದಂಡೆಯ ಊರಿನವನು, ಮಳೆಗಾಲದಲ್ಲಿ ಚೀಲ ಕೂಡಿಟ್ಟೇ ಇರುತ್ತಾನೆ. ಫೋನಿನಲ್ಲಿ ಹೇಳಿದ್ದೇ ತಡ, ಲಾರಿ ಹೋಗುವಷ್ಟರಲ್ಲಿ ಕಟ್ಟುಗಳನ್ನು ರಸ್ತೆಗೆ ತಂದಿಟ್ಟಿದ್ದ. "ಪ್ಲಾಸ್ಟಿಕ್ ಚೀಲ ಒಂದೂ ಹಾಕಿಲ್ಲ ಕಣೋ, ಅವು ಒಂದರ ಮೇಲೊಂದು ಜಾರ್ತಾವೆ. ಎಲ್ಲಾ ಸೆಣಬಿಂದೇ," ಎಂದ. ಹೇರಿದ್ದಾಯಿತು, ಲಾರಿ ಹೊರಟಿತು. ನಾಲ್ಕು ಮಾರು ಹೋಗಿರಬಹುದು, ಅವನು ಏನೋ ನೆನಪಾದವನಂತೆ ಹಿಂದೆ ಓಡಿ ಬರುತ್ತಾ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ.

"ಅರ್ಧ ಚೀಲಾ! ಏಯ್, ಅರ್ಧ ಚೀಲಾ!"

ಇಂಥ ಹೊತ್ತಲ್ಲೂ ಇವನಿಗೆ ತಮಾಷೆಯೇ ಎಂದು ಸಿಟ್ಟು ಬಂತು. ಕಿಟಕಿಯಿಂದ ಕೈ ಬೀಸಿ, ಡ್ರೈವರಿಗೆ ಹೊಡಿ ಎಂದೆ. ಅವನು ಆಮೇಲೆ ಎರಡು ಸಲ ಫೋನ್ ಮಾಡಿದ. ಎರಡು ಸಲವೂ ಕಟ್ ಮಾಡಿದೆ.

ಕಟ್ ಮಾಡಲು ಕಾರಣವೂ ಇತ್ತೆನ್ನಿ. ದಾವಣಗೆರೆ ದಾಟಿ ಜಗಳೂರಿನ ದಾರಿ ಹಿಡಿಯುವವರೆಗೂ ಲಾರಿಯ ಕ್ಯಾಬಿನ್ನೇ ನನ್ನ ಆಫೀಸು. ಚೀಲ ಯಾರ ಹತ್ತಿರ ಇದೆಯೋ ಅವನೇ ಯಜಮಾನ ಎನ್ನುವ ಹಾಗೆ ಎಲ್ಲರೂ ನನ್ನನ್ನೇ ಕೇಳುತ್ತಿದ್ದರು. ಹಮಾಲರು ಟ್ರ್ಯಾಕ್ಟರಿನಲ್ಲಿ ಸಲಿಕೆ, ಬಾಂಡ್ಲಿ ತರಲಿ. ಉದ್ಯೋಗ ಖಾತ್ರಿಯಲ್ಲಿ ಮಣ್ಣು ಹೊತ್ತು ಗೊತ್ತಿರುವ ಹೆಂಗಸರ ಸಂಘದವರು ಬರಲಿ. ಶಾಮಿಯಾನದವನು ಹಗ್ಗ, ದೊಡ್ಡ ತಾಡಪಾಲು ಕಳಿಸಲಿ. ಇಷ್ಟನ್ನು ಒಬ್ಬೊಬ್ಬರಿಗೆ ಬಿಡಿಸಿ ಹೇಳಿದ ಮೇಲೆ ಒಂದು ಪೆದ್ದ ಕೆಲಸ ಮಾಡಿದೆ. ಊರಿನ ವಾಟ್ಸಾಪ್ ಗುಂಪಿನಲ್ಲಿ ಗಂಟಲು ಹರಿಯುವ ಹಾಗೆ ಒಂದು ವಾಯ್ಸ್ ಹಾಕಿದೆ: "ಕೆರೆ ಹತ್ರ ಎಲ್ಲಾರೂ ಬರ್ರಿ!"

ಎಲ್ಲರೂ ಬಂದಿದ್ದರು. ಅಯ್ಯೋ ದೇವರೇ, ಎಲ್ಲರೂ ಅಂದರೆ ಎಲ್ಲರೂ!

ಏರಿಯ ಉದ್ದಕ್ಕೂ ಬೈಕು, ಆಟೋ. ಕಾಲೇಜು ಹುಡುಗರು, ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳು, ಕೈಗೂಸುಗಳು. ಬೈಯಬೇಕೆಂದು ಲಾರಿಯಿಂದ ಧುಮುಕಿ ಏರಿ ಹತ್ತಿದವನು ಬೈಗುಳ ಮರೆತು ನಿಂತುಬಿಟ್ಟೆ. ಈ ಕೆರೆಯನ್ನು ನಾನು ಬಲ್ಲೆ. ಹುಡುಗನಾಗಿದ್ದಾಗ ಇಲ್ಲಿ ಕ್ರಿಕೆಟ್ ಆಡಲು ಸೈಕಲ್ಲಿನಲ್ಲಿ ಬರುತ್ತಿದ್ದೆವು. ಈಗ ಆ ಮೈದಾನವಿಲ್ಲ. ಜಾಲಿ ಮರಗಳ ನೆತ್ತಿ ಮಾತ್ರ ಕಾಣುತ್ತಿತ್ತು. ಏರಿಯ ಬುಡದಿಂದ ಆಚೆ ಗುಡ್ಡದವರೆಗೂ ನೀರು, ಬರೀ ನೀರು. ಗಾಳಿಗೆ ಸಣ್ಣ ಅಲೆಗಳು ಎದ್ದು ಏರಿಯ ಕಲ್ಲಿಗೆ ತಟ್ಟಿ ಸದ್ದು ಮಾಡುತ್ತಿದ್ದವು. ನಮ್ಮ ತಾಲ್ಲೂಕಿನಲ್ಲಿ ನೀರು ಸದ್ದು ಮಾಡುವುದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಪಕ್ಕದಲ್ಲಿ ನಿಂತ ಮುದುಕರೊಬ್ಬರು ಚಪ್ಪಲಿ ಕೈಯಲ್ಲಿ ಹಿಡಿದಿದ್ದರು. ನಾನೂ ಚಪ್ಪಲಿ ಬಿಟ್ಟೆ.

ಸೋರುತ್ತಿದ್ದದ್ದು ಏರಿಯ ಹಿಂಬದಿಯಲ್ಲಿ, ತೀರ ಬುಡದಲ್ಲಿ. ಅಲ್ಲಿಗೆ ಇಳಿದು ನೋಡಿದರೆ ಕಂಡದ್ದೇ ಬೇರೆ. ನೆಲದಿಂದ ನೀರು ಬುಳುಬುಳು ಉಕ್ಕುತ್ತಿತ್ತು. ಹೆಂಗಸರು ಅದರ ಸುತ್ತ ಗುಂಡಗೆ ಕಲ್ಲು ಜೋಡಿಸಿ, ಕುಂಕುಮ ಹಚ್ಚಿ, ಹೂ ಏರಿಸಿ, ಕಾಯಿ ಒಡೆದಿದ್ದರು. "ಗಂಗಮ್ಮ ತಾನಾಗೇ ಎದ್ದಾಳೆ," ಎಂದು ಒಬ್ಬಾಕೆ ಕೆನ್ನೆ ಕೆನ್ನೆ ಬಡಿದುಕೊಂಡಳು. ನಗಬೇಡಿ. ಬೋರು ಕೊರೆದು ಕೊರೆದು ಬರೀ ಧೂಳು ಕಂಡ ನೆಲ ಇದು. ಯಾರೂ ಕೇಳದೆ ನೀರು ತಾನೇ ಮೇಲೆದ್ದು ಬಂದರೆ ಕೈ ಮುಗಿಯದೆ ಇನ್ನೇನು ಮಾಡುತ್ತಾರೆ? ಬುಗ್ಗೆಯ ಬಣ್ಣ ಮಾತ್ರ ನನಗೆ ಸರಿ ಕಾಣಲಿಲ್ಲ. ಕೆಂಪಗೆ ಚಹಾದ ಹಾಗಿತ್ತು.

ಕಲ್ಲಿನ ಪಕ್ಕ ಒಬ್ಬ ಅವ್ವ ಕುಕ್ಕರಗಾಲಲ್ಲಿ ಕೂತಿದ್ದಳು. ಅವಳ ಮಗ ಪಂಚಾಯ್ತಿಯ ನೀರಗಂಟಿ, ನಲ್ಲಿಗೆ ನೀರು ಬಿಡುವವನು. ಅವನ ಅಪ್ಪ ಇದೇ ಕೆರೆಯ ನೀರಗಂಟಿಯಾಗಿದ್ದವನು, ತೂಬು ತೆಗೆದು ಮುಚ್ಚುವ ಕೆಲಸ ಅವರ ಮನೆಯದು. ಕೆರೆ ಬತ್ತಿದ ಮೇಲೆ ಕೆಲಸ ಹೋಗಿ ಹೆಸರು ಉಳಿದಿತ್ತು. ಏರಿಯ ಕೆಳಗೆ ಮೊದಲ ಮನೆಯೇ ಅವರದು. ತೆರೆದ ಬಾಗಿಲಿನಿಂದ ಗೋಡೆಯ ಮೇಲಿನ ಬುದ್ಧನ ಪಟ ಕಾಣುತ್ತಿತ್ತು.

ಹಮಾಲರು ಅಷ್ಟರಲ್ಲಿ ನನ್ನ ಚೀಲಗಳಿಗೆ ಗರಸು ಮಣ್ಣು ತುಂಬಿ, ದಬ್ಬಳ ಸುತಲಿಯಿಂದ ಬಾಯಿ ಹೊಲಿದು ಸಾಲಾಗಿ ನಿಲ್ಲಿಸಿದ್ದರು. ಏನು ಕೈಚಳಕ ಅಂತೀರಿ! ಒಂದೊಂದು ಚೀಲವೂ ಬಿಗಿದ ಮದ್ದಳೆ. ಎಸೆಯಿರಿ ಮೇಲೆ ಎಂದೆ.

"ಮುಚ್ಚಬ್ಯಾಡ್ರಪ್ಪಾ," ಎಂದಳು ಅವ್ವ. "ಒಂದ್ಕಡೆ ಬಾಯಿ ಮುಚ್ಚಿದ್ರೆ ಆಕಿ ಇನ್ನೊಂದ್ಕಡೆ ಬಾಯಿ ತಗೀತಾಳೆ."

"ಅವ್ವಾ, ಪೂಜೆ ಆಮೇಲೆ ಮಾಡಾಣಂತೆ. ಸ್ವಲ್ಪ ಸರಕಂಡು ಕುಂದ್ರು," ಎಂದೆ. ಎಂಥ ಜಾಣ ನಾನು!

ಕಲ್ಲು, ಹೂವು ಎಲ್ಲದರ ಮೇಲೂ ಇಪ್ಪತ್ತು ಮೂಟೆ ಬಿದ್ದವು. ಬುಗ್ಗೆ ನಿಂತಿತು. ಜನ ಶಿಳ್ಳೆ ಹೊಡೆದರು, ಯಾರೋ ನನ್ನ ಫೋಟೊ ತೆಗೆದರು. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಆಗಿರಲಿಲ್ಲ, ನೀರಗಂಟಿ ಮನೆಯ ಕಡೆಯಿಂದ ಕೂಗಿದ. ಹತ್ತು ಮಾರು ಆಚೆ, ಅವನ ಹಿತ್ತಲ ಕಲ್ಲಿನ ಹತ್ತಿರವೇ ನೆಲ ಬಾಯಿ ಬಿಟ್ಟಿತ್ತು. ಮೊದಲಿನದಕ್ಕಿಂತ ದಪ್ಪ, ಮೊದಲಿನದಕ್ಕಿಂತ ಕೆಂಪು. ಇತ್ತ ನನ್ನ ಮೂಟೆಗಳ ಸಂದಿಗಳಿಂದಲೂ ನೀರು ಚಿಮ್ಮತೊಡಗಿತು.  ಅವ್ವನ ಮುಖ ನೋಡುವ ಧೈರ್ಯ ಬರಲಿಲ್ಲ.

ಆ ಹೊತ್ತಿಗೆ ನೀರಾವರಿ ಇಲಾಖೆಯ ಜೀಪಿನಿಂದ ಇಂಜಿನಿಯರ್ ಹೆಣ್ಣುಮಗಳೊಬ್ಬರು ಇಳಿದರು. ವಯಸ್ಸು ಮೂವತ್ತರ ಒಳಗೆ, ಕಾಲಿಗೆ ಗಂಬೂಟು. ಹಿಂದೆಯೇ ಜೆಸಿಬಿ ಬಂದು ಕೋಡಿಯ ಹತ್ತಿರ ನಿಂತಿತು. ಇಂಜಿನಿಯರಮ್ಮ ಮೊದಲು ಮಾಡಿದ್ದು ಒಂದೇ: ಯಾರದೋ ಮನೆಯಿಂದ ಗಾಜಿನ ಲೋಟ ತರಿಸಿ, ಹೊಸ ಬುಗ್ಗೆಯ ನೀರು ಹಿಡಿದು ಬಿಸಿಲಿಗೆ ಎತ್ತಿ ನೋಡಿದರು. ತಳದಲ್ಲಿ ಬೆರಳಷ್ಟು ಮಣ್ಣು ಕೂತಿತು.

"ಇದು ಏರಿ ಮಣ್ಣು," ಎಂದರು. "ನೀರು ಒಳಗಿಂದ ಏರೀನ ತಿಂತಾ ಬರ್ತಿದೆ. ಬುಗ್ಗೆ ಮೇಲೆ ಮೂಟೆ ಹಾಕ್ಸಿದ್ದು ಯಾರು?"

"ನಾನೇ ಮೇಡಂ," ಎಂದೆ.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾನು ಚನ್ನಗಿರಿ ಕಡೆಯೋಳು, ಕೆರೆ ನೋಡ್ತಾನೇ ಬೆಳೆದೋಳು. ಉಕ್ಕೋ ನೀರನ್ನ ಮುಚ್ಚಬಾರದು ಸಾಬ್ರೇ. ಸುತ್ತ ಕಟ್ಟಬೇಕು, ಬಾವಿ ಕಟ್ಟೆ ಹಾಗೆ. ಕಟ್ಟೆ ಒಳಗೆ ನೀರು ಮೇಲೇರ್ತಾ ಹೋದ್ರೆ ಅದರ ಭಾರಕ್ಕೇ ಒಳಗಿನ ರಭಸ ಇಳಿಯುತ್ತೆ. ನೀರು ಹರೀಲಿ, ಮಣ್ಣು ಬರಬಾರದು. ಲೋಟದಲ್ಲಿ ನೀರು ತಿಳಿಯಾದ್ರೆ ಏರಿ ಉಳೀತು ಅಂತ ಲೆಕ್ಕ."

"ತಿಳಿ ಆಗ್ಲಿಲ್ಲ ಅಂದ್ರೆ?"

ಅವರು ಜೆಸಿಬಿ ಕಡೆ ನೋಡಿದರು. "ಸೂರ್ಯ ಮುಳುಗೋದ್ರೊಳಗೆ ಆಗದಿದ್ರೆ ಕೋಡಿ ಕಡಿದು ಕೆರೆ ಖಾಲಿ ಮಾಡಿಸ್ತೀನಿ. ಕತ್ತಲಲ್ಲಿ ಇದನ್ನ ಕಾಯೋಕಾಗಲ್ಲ."

ಗುಂಪಿನಲ್ಲಿ ಗದ್ದಲ ಎದ್ದಿತು. ಇಷ್ಟು ವರ್ಷಕ್ಕೆ ತುಂಬಿದ ಕೆರೆ, ಕಡಿಯೋದಾದರೆ ನಮ್ಮನ್ನು ಕಡಿಯಿರಿ ಎಂದು ಒಬ್ಬ ಎದೆ ಮುಂದೆ ಮಾಡಿ ಬಂದ. ಅವನ ಮನೆ ಏರಿಯ ಕೆಳಗಿರಲಿಲ್ಲ. ಇಂಜಿನಿಯರಮ್ಮ ಅವನನ್ನು ಬಿಟ್ಟು ನೀರಗಂಟಿಯನ್ನು ಕೇಳಿದರು: "ಮೊದಲ ಮನೆ ನಿಮ್ಮದಲ್ವಾ? ನೀವು ಹೇಳಿ."

ಅವನು ಏರಿಯ ಕಡೆ ನೋಡಿದ. "ಮೇಡಂ, ನಮ್ಮಪ್ಪ ಕೆರೆ ನೀರಗಂಟಿ. ನಾನು ನಲ್ಲಿ ತಿರುವೋ ನೀರಗಂಟಿ. ಒಂದಿನನಾದ್ರೂ ಈ ಕೆರೆ ನೀರಗಂಟಿ ಆಗಬೇಕು ಅಂತಿತ್ತು ನಂಗೆ. ನಂದೊಂದೇ ಮನೆ ಆಗಿದ್ರೆ ಹೋದ್ರೆ ಹೋಗ್ಲಿ ಅಂತಿದ್ದೆ. ಹಟ್ಟಿ ತುಂಬಾ ಜನ ಅದಾರೆ. ಅವರನ್ನ ಸ್ಕೂಲಿಗೆ ಸಾಗಿಸ್ತೀನಿ. ನೀವು ಸಂಜೆವರ್ಗೂ ಟೈಮ್ ಕೊಡ್ರಿ."

ಅವನೇ ಹೋಗಿ ಪಂಚಾಯ್ತಿಯ ಕಸದ ಗಾಡಿ ತಂದ. ಅದರಲ್ಲಿ ದಿನಾ ಬೆಳಿಗ್ಗೆ 'ಹಸಿ ಕಸ, ಒಣ ಕಸ' ಎಂದು ಹಾಡುವ ಮೈಕ್ ಇತ್ತು. "ನಮ್ಮಪ್ಪನ ಕೈಲಿ ತಮಟೆ ಬಡಿಸಿ ಸಾರಿಸ್ತಿದ್ರು," ಎಂದ ನನ್ನ ಕಡೆ ನೋಡದೆ. "ನಾವು ತಮಟೆ ಬಿಟ್ವಿ ಸಾಬ್ರೇ. ನಾನು ಮೈಕಲ್ಲೇ ಸಾರ್ತೀನಿ." ಗಾಡಿ ಹಟ್ಟಿಯ ಓಣಿಗಳಲ್ಲಿ ಸುತ್ತಿತು. ಜನ ಕೋಳಿ, ಕುರಿ, ರೇಷನ್ ಕಾರ್ಡು ಹಿಡಿದು ದಿಬ್ಬದ ಮೇಲಿನ ಶಾಲೆಗೆ ಹೊರಟರು. ಅವ್ವ ಮಾತ್ರ ಕದಲಲಿಲ್ಲ, ಕೆರೆ ಬಲ್ಲವಳು ಬೇಕಾಗುತ್ತಾಳೆಂದು ಇಂಜಿನಿಯರಮ್ಮನೂ ಒತ್ತಾಯ ಮಾಡಲಿಲ್ಲ.

ಈಗ ಕಟ್ಟೆ ಕಟ್ಟಬೇಕು. ಇಂಜಿನಿಯರಮ್ಮ ನಮ್ಮ ಮೂಟೆಗಳನ್ನು ಗಂಬೂಟಿನಿಂದ ಒದ್ದು ನೋಡಿದರು. "ಇವು ಆಗಲ್ಲ. ಕಲ್ಲಿನ ಹಾಗಿವೆ, ಒಂದಕ್ಕೊಂದು ಕೂರಲ್ಲ, ಸಂದಿ ಬಿಡ್ತವೆ. ಅರ್ಧ ಚೀಲ ಮಾತ್ರ ತುಂಬ್ಸಿ, ಅರ್ಧ ಚೀಲ! ಬಾಯಿ ಹೊಲೀಬೇಡಿ, ಮಡಚಿ ಅಡಿಗೆ ಹಾಕಿ. ತುಳಿದ್ರೆ ಹಿಟ್ಟಿನ ಮುದ್ದೆ ಹಾಗೆ ಸಂದೀಲಿ ಕೂತ್ಕೋಬೇಕು."

ಅರ್ಧ ಚೀಲ.

ನನಗೆ ಹೊನ್ನಾಳಿಯ ರಸ್ತೆ ಕಣ್ಣಿಗೆ ಬಂತು. ಬಾಯಿಗೆ ಕೈ ಅಡ್ಡ ಹಿಡಿದು, ಏದುಸಿರು ಬಿಡುತ್ತಾ ಲಾರಿಯ ಹಿಂದೆ ಓಡಿ ಬಂದ ದೋಸ್ತ. ಅವನು ನನ್ನನ್ನು ಕರೆದದ್ದಲ್ಲ. ಹೊಳೆ ನೀರಿಗೆ ಮೈಯೊಡ್ಡಿ ಕಲಿತ ಒಂದೇ ಒಂದು ಮಾತನ್ನು ನನ್ನ ಕೈಗೆ ಹಾಕಲು ಓಡಿ ಬಂದಿದ್ದ. ನಾನು ಟಾಟಾ ಮಾಡಿ ಬಂದಿದ್ದೆ. 

ಅರ್ಧ ಚೀಲ ಎಂದೊಡನೆ ಹಮಾಲರು ಕಿಸಕ್ಕೆಂದು ನಕ್ಕರು. ಮೇಸ್ತ್ರಿ ನಗಲಿಲ್ಲ, ಅವನಿಗೆ ಸಿಟ್ಟೇ ಬಂದಿತ್ತು. "ನಮ್ಮ ಕಸುಬಲ್ಲಿ ಅರ್ಧ ಚೀಲ ಹೊತ್ತೋನ ಮನೆಗೆ ಹೆಣ್ಣು ಕೊಡಲ್ಲ ಮೇಡಂ. ಹೊಲ್ದಿರೋ ಮೂಟೆ ಬಿಚ್ಚೋದಾ? ಹಮಾಲರ ಮರ್ಯಾದೆ ಏನಾಕೈತೆ?"

"ಅಣ್ಣಾ, ಅವರು ಹೇಳಿದ ಹಂಗೆ ಮಾಡಾಣ," ಎಂದೆ.

"ನಿಂಗೇನು ಗೊತ್ತೈತೋ! ಮೊದಲು ಮುಚ್ಚು ಅಂದೆ, ಈಗ ಬಿಚ್ಚು ಅಂತೀಯ. ನೀನು ಅರ್ಧ ಚೀಲ ಅಂತ ನಾವೆಲ್ಲಾ ಅರ್ಧ ಚೀಲ ಆಗಬೇಕಾ?"

ಬೇರೆ ದಿನವಾಗಿದ್ದರೆ ಅವನ ಕೊರಳಪಟ್ಟಿ ಹಿಡಿಯುತ್ತಿದ್ದೆ. ಅಂದು ಸಿಟ್ಟು ಬರಲಿಲ್ಲ, ನಾಚಿಕೆ ಅದಕ್ಕೆ ಜಾಗವೇ ಬಿಟ್ಟಿರಲಿಲ್ಲ. ನಾನು ಮೂಟೆಯ ಮೇಲೆ ಹತ್ತಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ತಪ್ಪು ನಂದು. ಹೊನ್ನಾಳಿಯೋನು ಅರ್ಧ ಚೀಲ ತುಂಬ್ಸು ಅಂತ ಕೂಗಿದ್ದ. ನಂಗೆ ಬೈದ ಅಂದ್ಕಂಡು ಬಂದುಬಿಟ್ಟೆ. ಅವ್ವ ಮುಚ್ಚಬ್ಯಾಡ ಅಂದ್ಲು, ಅದೂ ಕೇಳ್ಲಿಲ್ಲ. ಈಗ ನಾನೇ ಮೊದಲ್ನೇ ಚೀಲ ಬಿಚ್ತೀನಿ. ನನ್ನ ಹೆಸರಿನ ಚೀಲ, ನಂಗೆ ನಾಚಿಕೆ ಇಲ್ಲ."

 ಹಿಂದಿನ ಸಾಲಿನಲ್ಲಿ ಒಬ್ಬಾಕೆ ಕಿಸಕ್ಕೆಂದಳು. ನಗು ಹಬ್ಬಿ ಇಡೀ ಏರಿ ನಕ್ಕಿತು. ಮೇಸ್ತ್ರಿಯ ಮೀಸೆಯೂ ಅಲುಗಿತು. ನಾನು ಚಾಕುವಿನಿಂದ ಸುತಲಿ ಸರಕ್ಕನೆ ಕೊಯ್ದೆ. ಮೇಸ್ತ್ರಿ ನನ್ನ ಕೈಯಿಂದ ಚಾಕು ಕಿತ್ತುಕೊಂಡು, "ಹಂಗಲ್ಲ, ಚೀಲ ಹರೀತೈತೆ," ಎಂದು ಎರಡನೆಯದನ್ನು ತಾನೇ ಬಿಚ್ಚಿದ.

ಇನ್ನು ಜನವನ್ನು ಹೊಂದಿಸುವುದು. ಚೀಲಕ್ಕೆ ಗುರುತು ಹಾಕುವ ನೀಲಿ ಬಣ್ಣದ ಡಬ್ಬಿ, ಬ್ರಷ್ಷು ಲಾರಿಯಲ್ಲಿ ಸದಾ ಇರುತ್ತದೆ. ತಂದು ಒಬ್ಬೊಬ್ಬರ ಮೊಣಕೈಗೆ ಎಳೆದೆ: ಒಂದು ಗೆರೆಯವರು ತುಂಬುವವರು, ಎರಡು ಗೆರೆಯವರು ಕೈಯಿಂದ ಕೈಗೆ ದಾಟಿಸುವವರು, ಮೂರು ಗೆರೆಯವರು ಕಟ್ಟೆಯಲ್ಲಿ ಜೋಡಿಸಿ ತುಳಿಯುವವರು. ಗೆರೆ ಇಲ್ಲದವರು ಏರಿಯ ಮೇಲೆ ನಿಲ್ಲುವಂತಿಲ್ಲ. ಬೈಕುಗಳನ್ನು ಕೆಳಗಿಳಿಸಿದೆವು. ಹಮಾಲರ ಕೊಕ್ಕೆಗಳನ್ನು ಕಸಿದು ಲಾರಿಯಲ್ಲಿಟ್ಟೆ, ಅವು ಚುಚ್ಚಿದ ತೂತಿನಿಂದ ಮಣ್ಣು ಸೋರಬಾರದಲ್ಲ. ವಿಡಿಯೊ ಮಾಡುತ್ತಿದ್ದ ಹುಡುಗರು ಫೋನು ಜೇಬಿಗಿಟ್ಟು, ತಾವಾಗಿ ಮುಂದೆ ಬಂದು ಕೈ ಚಾಚಿದರು.

ಮೊದಲ ಬುಗ್ಗೆಯ ಮೇಲಿನ ಮೂಟೆ ಎಳೆದು ತೆಗೆದು, ಎರಡು ಬುಗ್ಗೆಯೂ ಒಳಗೆ ಬರುವ ಹಾಗೆ ಗುಂಡಗೆ ಸುತ್ತಬೇಕು. ಸಂಘದ ಹೆಂಗಸರು ಅದಕ್ಕೆ 'ಬಳೆ' ಎಂದರು, ಎಲ್ಲರ ಬಾಯಲ್ಲೂ ಅದೇ ನಿಂತಿತು. "ಬಳೆಗೆ ಚೀಲ! ಬಳೆಗೆ ಚೀಲ!" ಮಣ್ಣಿನ ಗುಡ್ಡೆಯಿಂದ ಬಳೆಯವರೆಗೆ ಎರಡು ಸಾಲು. ಮೊದಲ ಹತ್ತು ನಿಮಿಷ ಬರೀ ಗೊಂದಲ, ಬೈದಾಟ. ಆಮೇಲೆ ಏನಾಯಿತೋ, ಎಲ್ಲರ ಕೈಗೂ ಒಂದೇ ಲಯ ಹತ್ತಿತು. ಹಿಂದಿನವಳು ಕೊಡುವ ಹೊತ್ತಿಗೆ ಮುಂದಿನವನ ಕೈ ಬಂದಿರುತ್ತಿತ್ತು. ಒಬ್ಬರ ಮನೆಗೆ ಇನ್ನೊಬ್ಬರು ಹೋಗದವರು, ಚುನಾವಣೆಯಲ್ಲಿ ಬಡಿದಾಡಿದವರು, ಒಬ್ಬರ ಮುಖ ಇನ್ನೊಬ್ಬರು ನೋಡದವರು, ಎಲ್ಲರ ಮೊಣಕೈ ಮೇಲೂ ನನ್ನ ನೀಲಿ ಗೆರೆ.  ಇಷ್ಟು ಜನ ಇಷ್ಟು ಹೊತ್ತು ಜಗಳವಿಲ್ಲದೆ ನಿಂತಿದ್ದನ್ನು ನಾನು ಆ ಮೊದಲು ಕಂಡಿರಲಿಲ್ಲ.

ಬಳೆ ಮೊಣಕಾಲೆತ್ತರಕ್ಕೆ ಬಂದಾಗ ಲೋಟ ಹಿಡಿದು ನೋಡಿದೆವು. ಕೆಂಪು.

ಇಂಜಿನಿಯರಮ್ಮ ತಲೆ ಕೊಡವಿದರು. "ಕೆರೆ ಒಳಗೆ ನೀರು ಎಲ್ಲಿಂದ ನುಗ್ತಿದೆ ಅಂತ ಗೊತ್ತಾಗ್ಬೇಕು. ಅಲ್ಲಿ ತಾಡಪಾಲು ಹಾಸಿದ್ರೆ ಅರ್ಧ ಕೆಲಸ ಆದ ಹಾಗೆ. ಇಷ್ಟು ದೊಡ್ಡ ಕೆರೇಲಿ ಎಲ್ಲಿ ಅಂತ ಹುಡುಕೋದು?"

"ಎರಡು ತೂಬು ಇದ್ವು," ಎಂದಳು ಅವ್ವ.

ಎಲ್ಲರೂ ತಿರುಗಿದೆವು.

"ಈಗಿರೋದು ಒಂದು. ಇನ್ನೊಂದನ್ನ ನಾನು ಮದುವ್ಯಾಗಿ ಬಂದ ವರ್ಷ ಮುಚ್ಚಿಸಿದ್ರು. ನಮ್ಮ ಯಜಮಾನ್ರೇ ಒಳಗೆ ಇಳಿದು ಕಲ್ಲು ಕೊಟ್ಟಿದ್ರು." ಎದ್ದು, ಸೊಂಟ ಹಿಡಿದುಕೊಂಡು, ಮಗನ ಭುಜ ಆಸರೆ ಮಾಡಿಕೊಂಡು ಏರಿ ಹತ್ತಿದಳು. ಅಲ್ಲೊಂದು ಕಡೆ ಕಲ್ಲಿನ ಸಾಲನ್ನು ಕಾಲ್ಬೆರಳಿನಿಂದ ಮುಟ್ಟಿ ಮುಟ್ಟಿ ಹೋಗಿ ನಿಂತಳು. "ಇಲ್ಲೇ ಎಲ್ಲೋ. ಇದರ ನೇರಕ್ಕೇ ಹಿಂದೆ ನಮ್ಮ ಮನೆ ಐತೆ."

ನೇರ ನೋಡಿದರೆ ನಿಜ. ಮುಚ್ಚಿದ ತೂಬಿನ ಹಳೇ ಹಾದಿ ಹಿಡಿದೇ ನೀರು ಬರುತ್ತಿತ್ತು. ನೀರಗಂಟಿ ಅಂಗಿ ಬಿಚ್ಚಿ ಇಳಿಯಲು ಹೊರಟ. ಇಂಜಿನಿಯರಮ್ಮ ರಟ್ಟೆ ಹಿಡಿದು ನಿಲ್ಲಿಸಿದರು, ಒಳಗೆ ಎಳೆದರೆ ಗತಿಯೇನು? ಆಗ ಸಂಘದ ಹೆಂಗಸರಲ್ಲಿ ಒಬ್ಬಾಕೆ, ಕೆಲಸದವರಿಗೆ ತಿನ್ನಲು ತಂದಿದ್ದ ಮಂಡಕ್ಕಿ ಚೀಲ ಬಿಚ್ಚಿದಳು. "ನೀರಿಗೆ ಹಾಕಿ ನೋಡಾಣ ಬಿಡ್ರಿ. ಎಲ್ಲಿ ಎಳೀತೈತೋ ಅಲ್ಲಿಗೆ ಹೋಗ್ತಾವೆ." ಬೊಗಸೆ ಬೊಗಸೆ ಮಂಡಕ್ಕಿ ಎರಚಿದಳು. ಬಿಳಿ ಕಾಳುಗಳು ಅಲೆಯ ಮೇಲೆ ಹರಡಿ, ತೇಲಿ, ಎಲ್ಲೆಲ್ಲೋ ಅಡ್ಡಾಡಿದವು. ಒಂದು ಕಡೆ ಮಾತ್ರ, ದಡದಿಂದ ಎರಡು ಮಾರು ದೂರದಲ್ಲಿ, ಮೆಲ್ಲಗೆ ಸುತ್ತತೊಡಗಿದವು. ಸುತ್ತಿ ಸುತ್ತಿ ನಡುವೆ ಒಂದೊಂದಾಗಿ ಒಳಗೆ ಹೋದವು. ಅವ್ವನ ಕಾಲ್ಬೆರಳಿನ ನೇರಕ್ಕೇ!  ಇಂಜಿನಿಯರಮ್ಮ ಬಾಯಿ ಬಿಟ್ಟು ನಿಂತರು, ಆಮೇಲೆ ಆ ಮಂಡಕ್ಕಿಯವಳನ್ನು ತಬ್ಬಿಕೊಂಡರು.

ತಾಡಪಾಲಿನ ಒಂದು ಅಂಚಿಗೆ ಬಿಗಿ ಮೂಟೆಗಳನ್ನು ಕಟ್ಟಿ, ಇನ್ನೊಂದು ಅಂಚನ್ನು ಹಗ್ಗದಲ್ಲಿ ಹಿಡಿದು, ಏರಿಯಿಂದ ಜಾರಿಸುತ್ತಾ ಸುರುಳಿ ಬಿಚ್ಚಿದೆವು. ತುಂಬಿದ ಮೂಟೆಗಳಿಗೂ ಕೊನೆಗೆ ಕೆಲಸ ಸಿಕ್ಕಿತು, ಮೇಸ್ತ್ರಿ ಅದನ್ನು ನನಗೆ ಎರಡು ಸಲ ತೋರಿಸಿದ. ನಡುವೆ ಅಸರ್, ಅಂದರೆ ಇಳಿಹೊತ್ತಿನ ನಮಾಜಿನ ಸಮಯವಾಯಿತು. ಖಾಲಿ ಚೀಲವೊಂದನ್ನು ಹಾಸಿ, ಮಣ್ಣು ಮೆತ್ತಿದ ಕೈಗಳನ್ನು ಕೆರೆಯ ನೀರಿನಲ್ಲೇ ತೊಳೆದು ನಮಾಜು ಮಾಡಿದೆ. ಕೇಳಿಕೊಂಡದ್ದು ಒಂದೇ: ತಿಳಿಯಾಗಲಿ.

ಬಿಸಿಲು ಹಳದಿಗೆ ತಿರುಗಿತು. ಸಾಲಿನಲ್ಲಿದ್ದವರ ಕೈಗಳು ಸೋತವು. ಬಳೆ ಎದೆಮಟ್ಟಕ್ಕೆ ಬರಲು ಇನ್ನೊಂದು ಸುತ್ತು ಬಾಕಿ. ಮೇಸ್ತ್ರಿ ನನ್ನ ಮುಂದೆ ಬಂದು ನಿಂತು, "ಬರೀ ಬಾಯಿ ಮಾಡ್ತೀಯ, ಬಗ್ಗು ನೋಡಣ," ಎಂದು ಒಂದು ಚೀಲ ನನ್ನ ಬೆನ್ನಿಗೆ ಏರಿಸಿದ. ಹದಿನಾರನೇ ವಯಸ್ಸಿನ ಮೇಲೆ ಅದೇ ಮೊದಲು. ನಾಲ್ಕನೇ ಹೆಜ್ಜೆ ಇಡುವಾಗ ಉಸಿರು ಹಿಡಿದೆ. ಐದನೆಯದು ಬಂತು, ಆರನೆಯದೂ ಬಂತು. ಬಳೆಯವರೆಗೆ ನಡೆದು ಚೀಲ ಇಳಿಸಿ, ಹತ್ತಿ ತುಳಿದೆ. ಮೇಸ್ತ್ರಿ ಆಗಲೇ ಇನ್ನೊಂದು ಚೀಲ ಹಿಡಿದು ಕಾಯುತ್ತಿದ್ದ.

ಕೊನೆಯ ಸುತ್ತು ಮುಗಿದ ಮೇಲೆ ಮಾಡಲು ಏನೂ ಉಳಿಯಲಿಲ್ಲ. ಹೊನ್ನಾಳಿಗೆ ಫೋನ್ ಮಾಡಿದೆ.

"ಯಾಕೋ ಎತ್ತಲಿಲ್ಲ? ಅರ್ಧ ಚೀಲ ತುಂಬ್ಸಿದ್ಯೇನೋ?"

"ತುಂಬ್ಸಿದೆ. ನೀನು ನನ್ನನ್ನೇ ಕರೆದೆ ಅಂದ್ಕಂಡಿದ್ದೆ ಮಾರಾಯ."

 ಅವನು ದನಿ ತಗ್ಗಿಸಿ, "ಇನ್ಮೇಲೆ ಹಂಗೆ ಕರೆಯಲ್ಲ ಬಿಡೋ," ಎಂದ. ಕರಿ, ಪರವಾಗಿಲ್ಲ ಎಂದೆ.

ಬಳೆಯೊಳಗೆ ನೀರು ಅಂಚಿಗೆ ಬಂದಿತ್ತು, ಉಕ್ಕುವುದು ನಿಧಾನವಾಗಿತ್ತು. ಕೋಡಿಯ ಹತ್ತಿರ ಜೆಸಿಬಿಯವನು ಇಂಜಿನ್ ಚಾಲೂ ಮಾಡಿದ. ಸೂರ್ಯ ಗುಡ್ಡಕ್ಕೆ ತಾಗಿದ್ದ. ಇಂಜಿನಿಯರಮ್ಮ ಲೋಟವನ್ನು ನೀರಗಂಟಿಯ ಕೈಗೆ ಕೊಟ್ಟರು. "ನೀವೇ ಹಿಡೀರಿ. ಕೆರೆ ನಿಮ್ಮದು."

ಅವನು ಬಗ್ಗಿ, ಅಂಚಿನಿಂದ ಬೀಳುತ್ತಿದ್ದ ನೀರಿಗೆ ಲೋಟ ಒಡ್ಡಿದ. ಎತ್ತಿ ಬೆಳಕಿಗೆ ಹಿಡಿದ. 'ಬಳೆಗೆ ಚೀಲ' ಎಂದು ಇಡೀ ಮಧ್ಯಾಹ್ನ ಕೂಗಿದ ಅಷ್ಟೂ ಜನ ಒಂದು ಗಾಜಿನ ಲೋಟ ನೋಡುತ್ತಾ ನಿಂತಿದ್ದರು. ಮೊದಲು ತುಸು ಕಲಕು. ಅವ್ವ ತನ್ನ ಕೈಯನ್ನು ಅವನ ಕೈಗೆ ಆನಿಸಿ ಹಿಡಿದಳು. ನಾವು ಕಾದೆವು. ತಳದಲ್ಲಿ ಏನೂ ಕೂರಲಿಲ್ಲ. ಲೋಟದ ಆಚೆ ಅವ್ವನ ಮೂಗುಬೊಟ್ಟು ಕಾಣುತ್ತಿತ್ತು.

"ತಿಳಿ," ಎಂದರು ಇಂಜಿನಿಯರಮ್ಮ. ಇನ್ನೂ ಎರಡು ಲೋಟ ಹಿಡಿಸಿ ನೋಡಿದರು. ಆಮೇಲೆ ಜೆಸಿಬಿ ಕಡೆ ತಿರುಗಿ, ಎರಡೂ ಕೈ ಎತ್ತಿ ಬೇಡ ಎಂದು ಆಡಿಸಿದರು. ಇಂಜಿನ್ ನಿಂತಿತು. ಯಾರೂ ಶಿಳ್ಳೆ ಹೊಡೆಯಲಿಲ್ಲ, ಕೂಗಲೂ ಇಲ್ಲ. ಮೇಸ್ತ್ರಿ ಮಣ್ಣಿನ ಮೇಲೆ ಕೂತು ಟವಲಿನಿಂದ ಮುಖ ಮುಚ್ಚಿಕೊಂಡ. ಬಳೆಯ ಹತ್ತಿರ ಸರದಿ ಕಾವಲು ಯಾರು ಯಾರೆಂದು ನಾನು ಗೊತ್ತು ಮಾಡತೊಡಗಿದೆ.

"ಹಟ್ಟಿಯೋರು ಕಾಯಾಕತ್ತಾರೆ," ಎಂದ ನೀರಗಂಟಿ. "ಹೇಳಿ ಬರ್ತೀನಿ."

ಕಸದ ಗಾಡಿ ಶಾಲೆಯ ದಿಬ್ಬ ಹತ್ತಿತು. ಅಭ್ಯಾಸಬಲದಿಂದ ಮೈಕಿನಲ್ಲಿ ಮೊದಲು 'ಹಸಿ ಕಸ, ಒಣ ಕಸ' ಹಾಡು ಬಂತು, ಅವನು ಗಡಬಡಿಸಿ ಅದನ್ನು ನಿಲ್ಲಿಸಿದ. ಕೆರೆಯ ಮೇಲೆ ಹಾದು ಅವನ ದನಿ ನಮಗೂ ಕೇಳಿಸಿತು.

"ಹಟ್ಟಿಯೋರಿಗೆಲ್ಲಾ ತಿಳಿಸೋದೇನಂದ್ರೆ..."

ಅಲ್ಲಿಗೇ ನಿಂತಿತು. ಮೈಕಿನಲ್ಲಿ ಬರೀ ಅವನ ಉಸಿರು. ಬಳೆಯ ಪಕ್ಕದಲ್ಲಿ ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎದ್ದು ನಿಂತಳು.

"ಕೆರೆ ಐತ್ರೀ," ಎಂದ. "ಕೆರೆ ಐತೆ."